ಕಾಣದ ಕೈಯ ಅನ್ನ

ನಮ್ಮ ಕಡೆಯ ಜೈನರ ಕಥೆ ಶುರುವಾಗುವುದೇ ಊಟದ ತೊಂದರೆಯಿಂದ. ಹನ್ನೆರಡು ವರ್ಷದ ಕೇಡುಗಾಲ ಬರಲಿದೆ ಎಂದು ಭದ್ರಬಾಹು ಮುನಿಗಳು ಉಜ್ಜಯಿನಿಯಲ್ಲಿ ಮುಂಚೆಯೇ ತಿಳಿದು ಹೇಳಿದರೆಂದೂ ಇಡೀ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿತೆಂದೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೆತ್ತಿದ್ದಾರೆ. ಕ್ರಿ.ಶ. 600ರ ಸುಮಾರಿನ ಶಾಸನ ಅದು. ಬರಗಾಲದಲ್ಲಿ ಗೃಹಸ್ಥನ ಮನೆಯಲ್ಲೇ ಒಲೆ ಉರಿಯದಿದ್ದರೆ ಮುನಿಗೆ ದೋಷವಿಲ್ಲದ ಆಹಾರ ಎಲ್ಲಿಂದ ಬರಬೇಕು? ಹಸಿವಿಗಿಂತ ಹೆಚ್ಚಾಗಿ ಅಶುದ್ಧ ಊಟಕ್ಕೆ ಹೆದರಿ ಅಷ್ಟು ದೂರ ನಡೆದರು ಎನ್ನುವುದು ನಾವು ದಿಗಂಬರರು ಕೇಳಿಕೊಂಡು ಬಂದ ಮಾತು. ಉತ್ತರದಲ್ಲೇ ಉಳಿದವರು ನಿಯಮ ಸಡಿಲಿಸಿಕೊಂಡರು ಎಂದೂ ನಮ್ಮವರು ಸೇರಿಸುತ್ತಾರೆ. ಉಳಿದವರ ಕಥೆ ಬೇರೆ ಇದೆ, ಆ ಜಗಳ ಇಲ್ಲಿ ಬೇಡ.

ನಾನು ಆ ಬೆಟ್ಟದ ಬುಡದ ಊರಿನವಳು. ಈಗ ಅರಿಜೋನಾದಲ್ಲಿ ನೆಲೆ. ಇಬ್ಬರೂ ನಿವೃತ್ತರಾದ ಮೇಲೆ ನಮ್ಮ ಮನೆಯವರು ಒಂದು ಆರ್‌ವಿ ಕೊಂಡರು. ಫೋರ್ಡ್ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಮನೆ ಅದು. ಮೂರು ಉರಿಯ ಗ್ಯಾಸ್ ಒಲೆ, ಚಿಕ್ಕದೊಂದು ಫ್ರಿಜ್, ಹಾಸಿಗೆ, ಬಚ್ಚಲು ಎಲ್ಲ ನಮ್ಮ ಬೆನ್ನಿಗೇ ಬರುತ್ತವೆ. ಬೇಸಿಗೆಯಲ್ಲಿ ಮೊಂಟಾನಾ, ಚಳಿಗಾಲದಲ್ಲಿ ನ್ಯೂ ಮೆಕ್ಸಿಕೊ ಅಂತ ಓಡಾಡುತ್ತೇವೆ. ಓಡಾಡುವಾಗ ನಾನು ಆರ್ಗ್ಯಾನಿಕ್ ತರಕಾರಿ, ಬೇಳೆ, ಹಾಲು ಹುಡುಕುತ್ತೇನೆ. ಶುದ್ಧ ಆಹಾರ ಎಂದು ಅದಕ್ಕೆ ನಾನೇ ಹೆಸರಿಟ್ಟುಕೊಂಡಿದ್ದೆ. ಆ ಹೆಸರು ಅದಕ್ಕೆ ಸಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಹುಡುಕುವುದು ಅಂಥ ಕಷ್ಟವೇನಲ್ಲ, ದಾರಿ ಗೊತ್ತಿದ್ದರೆ. ವಿಶ್ವವಿದ್ಯಾಲಯ ಇರುವ ಊರು ಬಂದರೆ ಅಲ್ಲೊಂದು ಸಹಕಾರಿ ಅಂಗಡಿ ಇರುವ ಸಂಭವ ಹೆಚ್ಚು. ಆಲ್ಬುಕರ್ಕಿಯಲ್ಲಿ ಲಾ ಮೊಂಟಾನ್ಯಿತಾ ಇದೆ, ಮೊಂಟಾನಾದ ಬೋಜ್‌ಮನ್‌ನಲ್ಲಿ ಇದೆ, ಐಡಾಹೊದ ಮಾಸ್ಕೊದಲ್ಲಿ ಇದೆ. ಕೊಲರಾಡೊದ ನ್ಯಾಚುರಲ್ ಗ್ರೋಸರ್ಸ್‌ನಲ್ಲಿ ಹಣ್ಣು ತರಕಾರಿ ಆರ್ಗ್ಯಾನಿಕ್ ಬಿಟ್ಟು ಬೇರೆ ಇಡುವುದೇ ಇಲ್ಲ. ಏನೂ ಇಲ್ಲದ ಕಡೆ ವಾಲ್‌ಮಾರ್ಟ್: ರಾತ್ರಿ ಗಾಡಿ ನಿಲ್ಲಿಸಿಕೊಳ್ಳಲು ಎಷ್ಟೋ ಕಡೆ ಬಿಡುತ್ತಾರೆ, ಬೆಳಗ್ಗೆ ಒಳಗೆ ಹೋದರೆ ಆರ್ಗ್ಯಾನಿಕ್ ಪಾಲಕ್ ಸಿಗುತ್ತದೆ. ಬಾಳೆಹಣ್ಣಿನ ಚೀಟಿಯಲ್ಲಿ 4011 ಇದ್ದರೆ ಮಾಮೂಲಿನದು, ಮೊದಲಲ್ಲಿ ಒಂಬತ್ತು ಸೇರಿ 94011 ಆಗಿದ್ದರೆ ಆರ್ಗ್ಯಾನಿಕ್. ಕ್ಯಾಲಿಫೋರ್ನಿಯಾ ಗಡಿಯ ತಪಾಸಣೆ ಕಟ್ಟೆಯಲ್ಲಿ ಹಣ್ಣು ಇದೆಯೇ ಎಂದು ಕೇಳುತ್ತಾರೆ, ಆದ್ದರಿಂದ ನೀಡಲ್ಸ್ ಬರುವುದರೊಳಗೆ ಕಿತ್ತಳೆ ಮುಗಿಸಿಬಿಡಬೇಕು.

ನಿಜವಾಗಿ ಸಿಗದಿರುವುದು ನೆಬ್ರಾಸ್ಕಾದಂಥ ಕಡೆ. ಐ-80 ಹೆದ್ದಾರಿಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ಜೋಳ, ಅಂದರೆ ನಮ್ಮ ಮುಸುಕಿನ ಜೋಳ. ಊರೊಳಗಿನ ಅಂಗಡಿಯಲ್ಲಿ ಮಾತ್ರ ಬರೀ ಪೊಟ್ಟಣ. ಹೊಲದಲ್ಲಿರುವುದು ಮನುಷ್ಯ ಬೇಯಿಸಿ ತಿನ್ನುವ ತೆನೆಯಲ್ಲ, ದನಕ್ಕೆ, ಹಂದಿಗೆ, ಎಥನಾಲ್ ಕಾರ್ಖಾನೆಗೆ ಹೋಗುವಂಥದು. ಈ ದೇಶದ ಜೋಳದ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕುಲಾಂತರಿ ಬೀಜದವು. ಅಷ್ಟು ಬೆಳೆಯ ನಡುವೆ ನಿಂತು ನಾನು ಡಬ್ಬಿಯಲ್ಲಿ ತಂದ ಹೆಸರುಬೇಳೆ ತೊಳೆಯುತ್ತೇನೆ.

ಸೂರ್ಯ ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ. ಇದೊಂದು ವಿಷಯದಲ್ಲಿ ಅಮೆರಿಕದ ಉತ್ತರ ಭಾಗ ಉದಾರಿ. ಜೂನ್ ಕೊನೆಗೆ ಗ್ಲೇಸಿಯರ್ ಪಾರ್ಕಿನಲ್ಲಿ ಸೂರ್ಯ ಒಂಬತ್ತೂವರೆಯವರೆಗೂ ಮುಳುಗುವುದಿಲ್ಲ. ಪಶ್ಚಿಮಕ್ಕೆ ಹೋಗುತ್ತಾ ಗಡಿಯಾರ ಒಂದು ಗಂಟೆ ಹಿಂದೆ ಸರಿದರೂ ಸೂರ್ಯ ಮೋಸ ಮಾಡುವುದಿಲ್ಲ, ಅವನನ್ನೇ ನೋಡಿಕೊಂಡರೆ ಸಾಕು.

ಇನ್ನು ಆರ್ಗ್ಯಾನಿಕ್ ಎಂದು ಸಾರುವ ಸರ್ಕಾರದ ಹಸಿರು ಮುದ್ರೆ. ಅಮೆರಿಕ ಸರ್ಕಾರ 1990ರಲ್ಲಿ ಕಾನೂನು ಮಾಡಿತು, ನಿಯಮಗಳು 2002ರ ಅಕ್ಟೋಬರಿನಿಂದ ಪೂರ್ತಿ ಜಾರಿಗೆ ಬಂದವು. ಮುದ್ರೆ ಬೀಳಬೇಕಾದರೆ ನೆಲಕ್ಕೆ ಮೂರು ವರ್ಷ ನಿಷಿದ್ಧ ರಾಸಾಯನಿಕ ಬಿದ್ದಿರಬಾರದು. ಪೊಟ್ಟಣದ ಪದಾರ್ಥದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಆರ್ಗ್ಯಾನಿಕ್ ಇರಬೇಕು. ಇಲ್ಲಿಯವರೆಗೆ ಒಳ್ಳೆಯದೇ. ಆದರೆ ಜೈನರ ಅಡುಗೆಮನೆಯಲ್ಲಿ ಬೆಳೆದವಳು ಆ ಅಂಗಡಿಯಲ್ಲಿ ಕಣ್ಣು ತೆರೆದು ನಡೆದರೆ ಹೆಜ್ಜೆಹೆಜ್ಜೆಗೂ ತಡವರಿಸುತ್ತಾಳೆ. ಆರ್ಗ್ಯಾನಿಕ್ ಬ್ರೆಡ್ಡಿಗೆ ಜೇನುತುಪ್ಪ. ಆರ್ಗ್ಯಾನಿಕ್ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇದ್ದರೂ ಮುದ್ರೆಗೆ ಅಡ್ಡಿಯಿಲ್ಲ. ಐಡಾಹೊದಲ್ಲಿ ಆರ್ಗ್ಯಾನಿಕ್ ಆಲೂಗಡ್ಡೆ ಗೋಣಿಗಟ್ಟಲೆ. ನಮಗೋ ಅದು ಅನಂತಕಾಯ, ಒಂದೇ ಗಡ್ಡೆಯಲ್ಲಿ ಎಣಿಸಲಾಗದಷ್ಟು ಜೀವ. ಇದೆಲ್ಲ ಕಣ್ಣಿಗೆ ಕಾಣುವಂಥದ್ದು, ಬಿಟ್ಟರಾಯಿತು. ಕಾಣದಿರುವುದು ಇನ್ನೂ ಇದೆ. ಆರ್ಗ್ಯಾನಿಕ್ ಹೊಲಕ್ಕೆ ಗೊಬ್ಬರವಾಗಿ ಕಸಾಯಿಖಾನೆಯ ಒಣಗಿಸಿದ ರಕ್ತದ ಪುಡಿ ಹಾಕಬಹುದು, ಮೂಳೆಪುಡಿ ಹಾಕಬಹುದು. ರಾಸಾಯನಿಕ ಯೂರಿಯಾ ಹಾಕಿ ಬೆಳೆದ ಪಾಲಕ್ಕಿಗೆ ಮುದ್ರೆಯಿಲ್ಲ, ರಕ್ತದ ಪುಡಿ ಹಾಕಿ ಬೆಳೆದ ಪಾಲಕ್ಕಿಗೆ ಮುದ್ರೆಯಿದೆ. ನಮ್ಮ ತಾಯಿ ಈ ಎರಡರಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು ಎಂದು ನಾನು ಯೋಚಿಸಬೇಕಾಗಿಯೇ ಇಲ್ಲ.

ಹುಳಕ್ಕೆ ಔಷಧಿ ಹೊಡೆಯುವುದೂ ನಿಂತಿಲ್ಲ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಿನ್, ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸ್ಪಿನೊಸ್ಯಾಡ್ ಎರಡಕ್ಕೂ ಒಪ್ಪಿಗೆಯಿದೆ. ಹೂವಿನಿಂದ ಸತ್ತರೂ ಕಾರ್ಖಾನೆಯ ವಿಷದಿಂದ ಸತ್ತರೂ ಹುಳಕ್ಕೆ ಸಾವು ಒಂದೇ. ಅನ್ಯಾಯದ ಮಾತೂ ಆಡಬಾರದು: ಘೋರ ವಿಷಗಳಿಂದ ದೂರವಿರುವ ಹೊಲದಲ್ಲಿ ಕೊಯ್ಲಿನವರ ಶ್ವಾಸಕೋಶ, ಹಳ್ಳದ ಮೀನು, ಮಣ್ಣಿನ ಎರೆಹುಳು ಹೆಚ್ಚು ಸುರಕ್ಷಿತ. ಅದಕ್ಕಾಗಿಯೇ ನಾನು ಇಂದಿಗೂ ಕೊಳ್ಳುತ್ತೇನೆ. ನಮ್ಮ ಶಾಸ್ತ್ರವೂ ಬೇಸಾಯದಲ್ಲಿ ಹಿಂಸೆಯೇ ಇರಬಾರದು ಎನ್ನಲಿಲ್ಲ. ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿತು. ಕೊಲ್ಲಲೆಂದೇ ಕೊಲ್ಲುವುದು ಸಂಕಲ್ಪೀ. ಅಡುಗೆ, ಗುಡಿಸುವುದು, ಒರೆಸುವುದರಲ್ಲಿ ಆಗುವುದು ಆರಂಭೀ. ಕಸುಬಿನಲ್ಲಿ ಆಗುವುದು ಉದ್ಯೋಗೀ. ಎದುರು ಬಂದವನನ್ನು ತಡೆಯುವಾಗ ಆಗುವುದು ವಿರೋಧೀ. ಗೃಹಸ್ಥ ಪೂರ್ತಿ ಬಿಡಬೇಕಾದ್ದು ಮೊದಲನೆಯದನ್ನು, ಉಳಿದವನ್ನು ಕಡಿಮೆ ಮಾಡಿಕೊಳ್ಳುತ್ತಾ ಹೋಗಬೇಕು. ಹೀಗಾಗಿ ನನ್ನ ತಕರಾರು ರೈತನ ಮೇಲಲ್ಲ. ಆ ಮುದ್ರೆಯನ್ನು ನೋಡಿದಾಗ ನನ್ನೊಳಗೆ ಹುಟ್ಟುವ ನೆಮ್ಮದಿಯ ಮೇಲೆ. ನನ್ನ ಹೊಟ್ಟೆಗೆ ಏನು ಹೋಗಿಲ್ಲ ಎಂಬುದನ್ನು ಮುದ್ರೆ ಹೇಳುತ್ತದೆ. ನನ್ನ ಹೊಟ್ಟೆಗಾಗಿ ಏನು ಹೋಯಿತು ಎಂಬುದು ವ್ರತ ಕೇಳುವ ಪ್ರಶ್ನೆ. ಮೊದಲನೆಯದು ಆರೋಗ್ಯದ ಮಾತು. ಅದನ್ನು ಎರಡನೆಯದರ ಜಾಗದಲ್ಲಿ ಕೂರಿಸಿ ಪೂಜೆ ಮಾಡಿದರೆ ಅದು ಆತ್ಮವಂಚನೆ.

ಅಂಜೂರದ ವಿಷಯ ಹೇಳದೆ ಮುಂದೆ ಹೋಗಲಾರೆ. ಆಲ, ಅರಳಿ, ಅತ್ತಿಯಂಥ ಐದು ಉದುಂಬರ ಫಲಗಳನ್ನು ನಮ್ಮವರು ಬಿಡುವುದು ಒಳಗೆ ಹುಳುಗಳಿರುತ್ತವೆ ಎಂದು. ಅಂಜೂರವನ್ನೂ ಅದೇ ಪಂಕ್ತಿಗೆ ಸೇರಿಸುತ್ತಾರೆ. ಕ್ಯಾಲಿಫೋರ್ನಿಯಾದ ಕ್ಯಾಲಿಮಿರ್ನಾ ಜಾತಿಯ ಅಂಜೂರಕ್ಕೆ ಪುಟ್ಟ ಕಣಜ ಒಳಹೊಕ್ಕರೆ ಮಾತ್ರ ಕಾಯಿ ಕಚ್ಚುತ್ತದೆ. ಪಕ್ಕದ ತೋಟದ ಕಪ್ಪು ಮಿಷನ್ ಅಂಜೂರಕ್ಕೆ ಕಣಜವೇ ಬೇಕಿಲ್ಲ. ಎರಡಕ್ಕೂ ಒಂದೇ ಹಸಿರು ಮುದ್ರೆ. ಮುದ್ರೆ ಹಾಕುವವರಿಗೆ ಈ ಪ್ರಶ್ನೆ ಹೊಳೆಯಬೇಕಾದ ಕಾರಣವೂ ಇಲ್ಲ ಬಿಡಿ. ನಮ್ಮ ಹಳಬರು ಮಾತ್ರ ಸೂಕ್ಷ್ಮದರ್ಶಕವಿಲ್ಲದೆ ಹಣ್ಣನ್ನು ಒಡೆದು ನೋಡಿದ್ದರು.

ಮತ್ತೆ ಚಿಕ್ಕಬೆಟ್ಟಕ್ಕೆ ಬರುತ್ತೇನೆ. ಭದ್ರಬಾಹುಗಳು ಅಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಹಿಡಿದಾಗ ಸೇವೆಗೆ ಉಳಿದವರು ರಾಜ್ಯ ಬಿಟ್ಟು ಬಂದ ಚಂದ್ರಗುಪ್ತ ಮುನಿ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಇವರ ಕಥೆಯನ್ನು ಚೌಕ ಚೌಕವಾಗಿ ಕೆತ್ತಿದ್ದಾರೆ, ಚಿಕ್ಕವರಿದ್ದಾಗ ಅದರ ತೂತುಗಳಲ್ಲಿ ಬೆರಳು ತೂರಿಸಿ ಬೈಸಿಕೊಂಡಿದ್ದೇವೆ. ಪರಂಪರೆಯಲ್ಲಿ ಹೇಳುವ ಕಥೆಯೊಂದಿದೆ. ಸುತ್ತ ಕಾಡು, ಊರಿಲ್ಲ. ಗುರುವಿನ ಮಾತಿನಂತೆ ಚಂದ್ರಗುಪ್ತರು ಕಾಡಿನಲ್ಲೇ ಆಹಾರಕ್ಕೆ ಹೊರಟರು. ಮರದ ಮರೆಯಿಂದ ಬಳೆ ತೊಟ್ಟ ಕೈಯೊಂದು ಸೌಟಿನಲ್ಲಿ ಅನ್ನ ಹಿಡಿದು ಚಾಚಿತು. ಕೈ ಮಾತ್ರ, ಕೊಡುವವರು ಕಾಣುತ್ತಿಲ್ಲ. ಇದು ಸಲ್ಲದು ಎಂದು ಹಸಿದೇ ಮರಳಿದರು. ಇನ್ನೊಂದು ದಿನ ಪಾತ್ರೆಯಲ್ಲಿ ಅನ್ನವಿದೆ, ಬಡಿಸುವವರಿಲ್ಲ, ಅದನ್ನೂ ಬಿಟ್ಟರು. ಕೊನೆಗೆ ಊರೊಂದು ಸಿಕ್ಕಿತು, ಶ್ರಾವಕರು ವಿಧಿಯಂತೆ ಕರೆದು ಬಡಿಸಿದರು, ಉಂಡರು. ಮುಂದೆ ಹೋಗಿದ್ದ ಸಂಘ ವರ್ಷಗಳ ಮೇಲೆ ಅಲ್ಲಿಗೆ ಮರಳಿ ಬಂದು ಉಂಡಾಗ ಒಬ್ಬರು ಅದೇ ಊರಲ್ಲಿ ಕಮಂಡಲು ಮರೆತು, ತರಲು ಹೋದರೆ ಊರೇ ಇಲ್ಲ, ಕಮಂಡಲು ಮರದ ಕೊಂಬೆಯಲ್ಲಿ ನೇತಾಡುತ್ತಿದೆ. ಇಷ್ಟು ದಿನ ಉಣಿಸಿದ್ದು ವನದೇವತೆ! ಎಲ್ಲರೂ ಪ್ರಾಯಶ್ಚಿತ್ತ ಮಾಡಿಕೊಂಡರು.

ಈ ಕಥೆಯ ಬಿಗಿ ನನಗೆ ಇತ್ತೀಚೆಗೆ ಅರ್ಥವಾಗುತ್ತಿದೆ. ಆ ಅನ್ನದಲ್ಲಿ ದೋಷವೇನಿತ್ತು? ಹೊಲ ಉತ್ತಿಲ್ಲ, ಹುಳ ಸತ್ತಿಲ್ಲ, ಒಲೆ ಉರಿದಿಲ್ಲ. ಅದಕ್ಕಿಂತ ಶುದ್ಧ ಪದಾರ್ಥ ಈ ಲೋಕದಲ್ಲಿ ಸಿಗದು. ಆದರೂ ಪ್ರಾಯಶ್ಚಿತ್ತ, ಯಾಕೆಂದರೆ ಕೊಟ್ಟವರು ಶ್ರಾವಕರಲ್ಲ, ಅದು ಗೊತ್ತೂ ಇರಲಿಲ್ಲ. ನಮ್ಮ ಮನೆಗೆ ಮುನಿಗಳು ಆಹಾರಕ್ಕೆ ಬಂದಾಗ ತಾಯಿ ಕಳಶ ಹಿಡಿದು ಬಾಗಿಲಲ್ಲಿ ನಿಂತು ಮೊದಲು ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ ಎಂದು ಹೇಳಿ, ಆಮೇಲೆ ಆಹಾರ ನೀರಿನ ಮಾತೆತ್ತುತ್ತಿದ್ದರು. ಶುದ್ಧಿಗೆ ಜವಾಬು ಹೇಳಬೇಕಾದವರು ಬಡಿಸುವವರು. ಅದರ ಮೇಲೆ ಇನ್ನೊಂದು: ಮುನಿಗೆಂದೇ ಮಾಡಿದ ಅಡುಗೆ ಮುನಿಗೆ ಸಲ್ಲದು, ಅದು ಉದ್ದಿಷ್ಟ ದೋಷ. ಮನೆಯವರು ತಮಗಾಗಿ ಮಾಡಿಕೊಂಡದ್ದರಲ್ಲಿ ಒಂದು ಪಾಲು ಮಾತ್ರ. ನಿಂತುಕೊಂಡು, ಕೈಯನ್ನೇ ಪಾತ್ರೆ ಮಾಡಿ, ದಿನಕ್ಕೊಂದೇ ಸಲ. ಫ್ರಿಜ್ಜಿಲ್ಲದೆ, ಗಾಡಿಯಿಲ್ಲದೆ ದೇಶ ತಿರುಗುವ ಈ ಮನುಷ್ಯನಿಗೆ ಪ್ರಪಂಚದ ಅತಿ ಕಟ್ಟುನಿಟ್ಟಿನ ಊಟ! ನನ್ನ ಆರ್‌ವಿಯಲ್ಲಿ ಫ್ರಿಜ್ ಇದೆ, ಆದರೆ ಅದರೊಳಗಿರುವ ಒಂದು ಪದಾರ್ಥವನ್ನೂ ಕೊಟ್ಟ ಕೈಯನ್ನು ನಾನು ನೋಡಿಲ್ಲ. ಹೆದ್ದಾರಿಯ ಊಟದಂಗಡಿಯ ಕಿಟಕಿಯಿಂದ ಪೊಟ್ಟಣ ಚಾಚುವ ಕೈ ಕಂಡಾಗಲೆಲ್ಲ ನನಗೆ ಆ ಬಳೆಯೇ ನೆನಪಾಗುತ್ತದೆ.

ಕೊಲರಾಡೊದ ಪ್ಯಾಲಿಸೇಡ್‌ನಲ್ಲಿ ಆಗಸ್ಟ್ ಹೊತ್ತಿಗೆ ಪೀಚ್ ಹಣ್ಣು. ರಸ್ತೆ ಬದಿ ಮೇಜು ಹಾಕಿಕೊಂಡು ಕುಳಿತ ಮುದುಕನೊಬ್ಬನನ್ನು ಕೇಳಿದೆ, ಆರ್ಗ್ಯಾನಿಕ್ಕಾ ಎಂದು.

"ಅಲ್ಲಮ್ಮ" ಅಂದ. "ಕೊರೆಯುವ ಹುಳಕ್ಕೆ ವಸಂತದಲ್ಲಿ ಒಂದು ಸಲ ಔಷಧಿ ಹೊಡೆದಿದ್ದೇನೆ. ಹೊಡೆಯದಿದ್ದರೆ ಮರವೇ ಹೋಗುತ್ತಿತ್ತು."

ಯಾವ ಔಷಧಿ ಎಂದು ಹೇಳಿದ, ಯಾವ ಸಾಲಿಗೆ ಹೊಡೆದಿಲ್ಲ ಎಂದು ತೋರಿಸಿದ. ವರ್ಷಕ್ಕೆ ಐದು ಸಾವಿರ ಡಾಲರಿಗಿಂತ ಹೆಚ್ಚು ಆರ್ಗ್ಯಾನಿಕ್ ಮಾಲು ಮಾರದವರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಇವನ ತೋಟ ಅಷ್ಟು ಚಿಕ್ಕದಲ್ಲ, ಕಾಗದಪತ್ರ ಇಟ್ಟುಕೊಳ್ಳುವಷ್ಟು ದೊಡ್ಡದೂ ಅಲ್ಲ. ನಮ್ಮ ಮನೆಯವರು ಮುಂದಿನ ಪೇಟೆಯಲ್ಲಿ ಮುದ್ರೆಯಿರುವ ಪೀಚ್ ಸಿಗುತ್ತದೆ ಎಂದರು. ನಾನು ಮುದುಕನ ಹತ್ತಿರವೇ ಕೊಂಡೆ. ಕೇಳಿದ ಪ್ರಶ್ನೆಗೆ ತನಗೆ ನಷ್ಟವಾಗುವ ಉತ್ತರ ಕೊಟ್ಟನಲ್ಲ, ಅದಕ್ಕೆ. ಇದನ್ನು ಎಲ್ಲರೂ ಪಾಲಿಸಬೇಕಾದ ನಿಯಮ ಎನ್ನಲಾರೆ. ಮುಖ ನೋಡಿ ಮೋಸ ಹೋದವರೂ ಬೇಕಾದಷ್ಟಿದ್ದಾರೆ, ಮುದ್ರೆ ಹುಟ್ಟಿದ್ದೇ ಅಂಥವರಿಗಾಗಿ.

ಇಷ್ಟೆಲ್ಲ ಊಟದ್ದಾಯಿತು, ಗಾಡಿಯದ್ದು ಬಾಕಿ. ಗ್ಯಾಲನ್ನಿಗೆ ಒಂಬತ್ತು ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರೂ ಇಲ್ಲ. ಇಲ್ಲಿಯ ಸಾಮಾನ್ಯ ಪೆಟ್ರೋಲಿನಲ್ಲಿ ಹತ್ತನೇ ಒಂದು ಪಾಲು ಎಥನಾಲ್, ಅದು ಜೋಳದ್ದು. ದೇಶದ ಜೋಳದ ಸುಮಾರು ಮೂರನೇ ಒಂದು ಭಾಗ ಹೀಗೆ ಎಥನಾಲಿಗೆ ಹೋಗುತ್ತದೆ. ನೆಬ್ರಾಸ್ಕಾದಲ್ಲಿ ನಾನು ಮೂಗು ಮುರಿದ ಅದೇ ಕುಲಾಂತರಿ ಜೋಳವನ್ನು, ಅದೇ ಕಳೆನಾಶಕ ಕುಡಿದ ಹೊಲದ ಜೋಳವನ್ನು ನನ್ನ ಗಾಡಿ ಹೊಟ್ಟೆತುಂಬ ಕುಡಿದು, ನನ್ನನ್ನು ಆರ್ಗ್ಯಾನಿಕ್ ಪಾಲಕ್ಕಿನ ಬಳಿಗೆ ಹೊತ್ತುಕೊಂಡು ಹೋಗುತ್ತದೆ. ಗಾಜಿಗೆ ಬಡಿದು ಸಾಯುವ ಹುಳುಗಳ ಲೆಕ್ಕ ಬೇರೆ.

ಗೃಹಸ್ಥ ಎಷ್ಟು ದೂರ ಹೋಗಬಹುದು ಎಂಬುದಕ್ಕೂ ನಮ್ಮಲ್ಲಿ ವ್ರತವಿದೆ. ಆಚಾರ್ಯ ಸಮಂತಭದ್ರರು ಗೃಹಸ್ಥರಿಗಾಗಿ ಬರೆದ ರತ್ನಕರಂಡ ಶ್ರಾವಕಾಚಾರದ ಗುಣವ್ರತಗಳಲ್ಲಿ ಮೊದಲನೆಯದೇ ದಿಗ್ವ್ರತ: ಇಂಥ ಹೊಳೆ, ಇಂಥ ಬೆಟ್ಟದಾಚೆ ಜೀವವಿರುವ ತನಕ ಹೋಗೆನು ಎಂದು ದಿಕ್ಕುಗಳಿಗೆ ಎಲ್ಲೆ ಹಾಕುವುದು. ಆ ಎಲ್ಲೆಯನ್ನು ಇಂದು ಇಷ್ಟೇ ಬೀದಿ, ಇಷ್ಟೇ ಊರು ಎಂದು ಇನ್ನೂ ಕಿರಿದು ಮಾಡಿಕೊಳ್ಳುವುದು ದೇಶಾವಕಾಶಿಕ. ಕಾರಣವಿಲ್ಲದೆ ಅಲೆಯುವುದನ್ನು ಅವರು ಅನರ್ಥದಂಡದಲ್ಲಿ ಸೇರಿಸಿದ್ದಾರೆ, ಮಣ್ಣು ಅಗೆಯುವುದು, ನೀರು ಚೆಲ್ಲುವುದರ ಸಾಲಿನಲ್ಲೇ. ಆಹಾರದ ನಿಯಮಗಳನ್ನು ಕಂಠಪಾಠ ಮಾಡಿದ ನಮ್ಮ ಪೈಕಿ ಯಾರೂ ಈ ಅಲೆದಾಟದ ಸುದ್ದಿ ಎತ್ತುವುದಿಲ್ಲ. ಆಲೂಗಡ್ಡೆ ಬಿಡುವುದು ಸುಲಭ, ರಸ್ತೆ ಬಿಡುವುದು ಕಷ್ಟ.

ಹಾಗಾಗಿ ಈಗ ಬೆಳಗ್ಗೆ ಗಾಡಿ ಹೊರಡುವ ಮುನ್ನ ಒಂದು ಎಲ್ಲೆ ಇಟ್ಟುಕೊಂಡಿದ್ದೇನೆ: ಊಟದ ಸಾಮಾನಿಗಾಗಿ ಹೆದ್ದಾರಿಯಿಂದ ಐದು ಮೈಲಿಗಿಂತ ಆಚೆ ಹೋಗುವಂತಿಲ್ಲ. ಅದರೊಳಗೆ ಆರ್ಗ್ಯಾನಿಕ್ ಸಿಕ್ಕರೆ ಅದು, ಇಲ್ಲವಾದರೆ ಮಾಮೂಲಿ ಟೊಮೆಟೊ, ಹುರುಳಿಕಾಯಿ. ಅದೂ ಇಲ್ಲವಾದರೆ ಡಬ್ಬಿಯ ಅಕ್ಕಿ ಬೇಳೆ.

"ಅಂಗಡಿ ಆರು ಮೈಲಿ ಇದ್ದರೆ?" ಎಂದು ನಮ್ಮ ಮನೆಯವರು ಕೇಳಿದರು.

"ಹೋಗೋದಿಲ್ಲ."

"ಹಾಗಾದರೆ ಈ ಎರಡು ಸಾವಿರ ಮೈಲಿ?"

ಆ ಎರಡು ಸಾವಿರ ಮೈಲಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಮಗಳ ಮನೆಗೆ ಹೋಗುವುದು ಕಾರಣವಿರುವ ಪ್ರಯಾಣ. ಉಳಿದದ್ದಕ್ಕೆ ಯಾವ ಹೆಸರಿಟ್ಟರೂ ಅದು ಅಲೆದಾಟವೇ. ಮುಂದಿನ ವರ್ಷದಿಂದ ಮಿಸಿಸಿಪಿ ನದಿಯ ಪೂರ್ವಕ್ಕೆ ಹೋಗುವುದು ಬೇಡ ಎಂದು ಹೇಳಿದ್ದೇನೆ. ಅವರಿಗೆ ನಯಾಗರಾ ನೋಡುವ ಆಸೆಯಿತ್ತು, ಸ್ವಲ್ಪ ಮುನಿಸಿಕೊಂಡರು. ಆಮೇಲೆ ನಕ್ಷೆ ಹರಡಿ ಮಿನಿಯಾಪೊಲಿಸ್ ಮೇಲೆ ಬೆರಳಿಟ್ಟು, ಹೊಳೆ ಊರ ನಡುವೆಯೇ ಹರಿಯುತ್ತದೆ, ಮಗಳ ಮನೆ ಪೂರ್ವದ ದಡದಲ್ಲಿದೆ, ಗಾಡಿ ಈಚೆ ನಿಲ್ಲಿಸಿ ಸೇತುವೆ ಮೇಲೆ ನಡೆದು ಹೋದರೆ ನಿನ್ನ ವ್ರತಕ್ಕೆ ಅಡ್ಡಿಯೇನು ಎಂದರು. ದಿಗ್ವ್ರತಕ್ಕೆ ಚಕ್ರ ಬೇರೆ ಕಾಲು ಬೇರೆ ಅಲ್ಲ ಎಂದೆ. ಎಲ್ಲೆಯನ್ನು ವ್ರತ ಹಿಡಿಯುವ ಮುಂಚೆ ಎಲ್ಲಿ ಬೇಕಾದರೂ ಎಳೆಯಬಹುದು. ಹಾಗಾಗಿ ಮಗಳ ಮನೆಯ ಹಿತ್ತಿಲ ಬೇಲಿಯವರೆಗೆ ಎಳೆಯೋಣ ಎಂದು ಸದ್ಯಕ್ಕೆ ರಾಜಿಯಾಗಿದೆ.