ನಾರು ಮತ್ತು ನೀರು

ಕೆರೆಗಳ ಊರಾದ ಹೊರಮಾವು ಇಂದು ಬೆಂಗಳೂರಿನಲ್ಲಿ ಬೆರೆತುಹೋಗಿದೆ. ಹಿಂದೆ ಬಯಲುಸೀಮೆಯ ರೈತರು ಸೆಣಬಿನ ದಂಟುಗಳನ್ನು ನೀರಿನಲ್ಲಿ ಮುಳುಗಿಸಿ ಕೊಳೆಹಾಕುತ್ತಿದ್ದರು. ನಾರನ್ನು ಹಿಡಿದಿಟ್ಟ ಅಂಟನ್ನು ಸೂಕ್ಷ್ಮಜೀವಿಗಳು ಸುಮಾರು ಒಂದು ವಾರದಲ್ಲಿ ಕರಗಿಸುತ್ತವೆ. ಅವಸರಿಸಿದರೆ ನಾರು ಬಿಡದು. ಮೈಮರೆತರೆ ನಾರೇ ಕೊಳೆಯುವುದು.

ಮನುಷ್ಯನನ್ನು ತಿದ್ದುವ ಬಗೆಯೂ ಇದೇ ಅಲ್ಲವೆ? ಬಡಿದು ತಿದ್ದುವವನು ನಾರನ್ನೇ ಹರಿಯುತ್ತಾನೆ. ಕಾಲಮಿತಿಯಿಲ್ಲದೆ ಸಹಿಸುವವನು ಕೊಳೆಯಿಸುತ್ತಾನೆ.

ಇನ್ನೊಂದು ಪ್ರಶ್ನೆಯೂ ಉಂಟು. ಕೊಳೆಹಾಕಿದ ನೀರಿನಲ್ಲಿ ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಒಬ್ಬನ ನಾರಿಗಾಗಿ ಎಲ್ಲರ ನೀರು ಕೆಡಬಹುದೆ? ಕುಡಿತಕ್ಕೆ ಬಿದ್ದ ಮಗನನ್ನು ತಾಳ್ಮೆಯಿಂದ ತಿದ್ದುವುದು ಹಿರಿಯರ ಧರ್ಮ. ಆ ತಾಳ್ಮೆಯ ಬೆಲೆಯನ್ನು ಸೊಸೆ, ಮೊಮ್ಮಕ್ಕಳು ಕಣ್ಣೀರಿನಿಂದ ತೆರುವಂತಾದರೆ ಅದು ಧರ್ಮವಲ್ಲ. ಕೊಳೆಹಾಕುವ ಹೊಂಡ ಬೇರೆ, ಕುಡಿಯುವ ಕೆರೆ ಬೇರೆ ಇರಬೇಕು.