ತ್ಯಾಜ್ಯವೂ ತ್ಯಾಗವೂ

ತ್ಯಾಜ್ಯ, ತ್ಯಾಗ ಎಂಬ ಎರಡು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಲೋಕವು ಒಂದಕ್ಕೆ ಕೈಮುಗಿಯುತ್ತದೆ, ಇನ್ನೊಂದಕ್ಕೆ ಮೂಗು ಮುಚ್ಚಿಕೊಳ್ಳುತ್ತದೆ. ದಾನವೆನಿಸಬೇಕಾದರೆ ಕೊಡುವವನ ಸ್ವತ್ವವು ಅಳಿದರೆ ಸಾಲದು, ಪಡೆಯುವವನ ಸ್ವತ್ವವೂ ಹುಟ್ಟಬೇಕೆಂದು ಧರ್ಮಶಾಸ್ತ್ರಕಾರರು ವಿಚಾರಮಾಡಿದ್ದಾರೆ. ರಾತ್ರಿ ಅಂಗಡಿಯ ಬಾಗಿಲು ಹಾಕಿ, ಕಸದ ಚೀಲವನ್ನು ಬೀದಿಯ ಮೂಲೆಗೆ ಎಸೆದು ಹೋಗುವ ವರ್ತಕನು ತನ್ನ ಸ್ವತ್ವವನ್ನೇನೋ ಬಿಟ್ಟನು. ಆ ಚೀಲವು ಮತ್ತೆ ಯಾರದಾಯಿತು? ಯಾರದೂ ಆಗಲಿಲ್ಲ. ಪಡೆಯುವವನಿಲ್ಲದ ಈ ಬಿಡುವಿಕೆಯನ್ನು ತ್ಯಾಗವೆನ್ನಲಾಗದು, ಹೊಣೆಯಿಂದ ಜಾರಿಕೊಳ್ಳುವುದೆನ್ನಬೇಕು.

ಬೆಂಗಳೂರಿನಲ್ಲಿ ಈ ಜಾರಿಕೆಯ ಫಲವನ್ನು ಬಹುಕಾಲ ಉಂಡವರು ನಗರದವರಲ್ಲ, ಹಳ್ಳಿಯವರು. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಮಂಡೂರಿಗೆ ಹೋಗುತ್ತಿದ್ದ ಲಾರಿಗಳು 2014ರ ಕೊನೆಗೆ ನಿಂತವು. ಅಷ್ಟಾಗಬೇಕಾದರೆ ಊರಿನವರು ದಾರಿಗೆ ಅಡ್ಡನಿಂತು ಹೋರಾಡಬೇಕಾಯಿತು. ಊಟಮಾಡಿದವರು ಒಬ್ಬರು, ಎಂಜಲೆಲೆಯ ನಾತವನ್ನು ಸಹಿಸಿದವರು ಇನ್ನೊಬ್ಬರು!

2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕರ ಎಂದು ಕಸವನ್ನು ಹುಟ್ಟಿದೆಡೆಯಲ್ಲಿಯೇ ವಿಂಗಡಿಸಬೇಕೆಂದು ವಿಧಿಸಿ, ದಿನಕ್ಕೆ ಸರಾಸರಿ 100 ಕಿಲೋಗ್ರಾಮಿಗಿಂತ ಹೆಚ್ಚು ಕಸ ಮಾಡುವವರ ಮೇಲೆ ಹೆಚ್ಚಿನ ಭಾರವನ್ನು ಹೊರಿಸಿದವು. ಸಣ್ಣ ಅಂಗಡಿಯವನು ಆ ಲೆಕ್ಕಕ್ಕೆ ಬರುವವನಲ್ಲ. "ನನ್ನದೊಂದು ಬುಟ್ಟಿಯಿಂದ ಏನಾದೀತು?" ಎಂಬುದು ಅವನ ವಾದ. ಆದರೆ ಅವನ ಬುಟ್ಟಿಗೆ ಒಂದು ವಿಶೇಷವುಂಟು. ದರ್ಜಿಯಲ್ಲಿ ಉಳಿಯುವುದು ಬಟ್ಟೆಯ ಚಿಂದಿ, ಮುದ್ರಣಾಲಯದಲ್ಲಿ ಕಾಗದದ ಅಂಚು, ಎಳನೀರಿನವನಲ್ಲಿ ಬುರುಡೆ, ಹೂವಾಡಿಗನಲ್ಲಿ ಬಾಡಿದ ಹೂವು. ಕಸುಬೇ ಅದನ್ನು ಆಗಲೇ ವಿಂಗಡಿಸಿ ಇಟ್ಟಿರುತ್ತದೆ. ಮನೆಯ ಕಸವನ್ನು ಬೇರ್ಪಡಿಸಬೇಕು. ಅಂಗಡಿಯ ಕಸವನ್ನು ಬೆರಸದಿದ್ದರೆ ಬಹುಪಾಲು ಸಾಕು. ಒಣಗಿದ ರಟ್ಟಿಗೆ ಜಾಲಿ ಮೊಹಲ್ಲಾದ ಗುಜರಿಯವರಲ್ಲಿ ಬೆಲೆಯುಂಟು. ಅದೇ ರಟ್ಟಿನ ಮೇಲೆ ಹೋಟಲಿನ ಉಳಿದ ಸಾರು ಚೆಲ್ಲಿದರೆ ಅದು ಕಾಗದದ ಕಾರ್ಖಾನೆಗೂ ಬೇಡ, ಗೊಬ್ಬರದ ಗುಂಡಿಗೂ ಸರಿಯಾಗಿ ಒಗ್ಗದು. ಅದನ್ನು ಆಮೇಲೆ ಕೈಯಿಂದ ಬಿಡಿಸಬೇಕಾದವನು ಚಿಂದಿ ಆಯುವ ಬಡವ. ಆಗಿನ ಮಹಾನಗರ ಪಾಲಿಕೆಯು 2011ರಲ್ಲಿ ಅಂಥವರಿಗೆ ಗುರುತಿನ ಚೀಟಿ ಕೊಡಲಾರಂಭಿಸಿದ್ದು ಒಳ್ಳೆಯ ಕೆಲಸವೇ. ಆದರೆ ಗಾಜಿನ ಚೂರಿಗೆ ಚೀಟಿಯ ಪರಿಚಯವಿರುವುದಿಲ್ಲ.

ವರ್ತಕನನ್ನು ಈ ಕೆಲಸಕ್ಕೆ ಹಚ್ಚುವುದು ಹೇಗೆ? ನೀತಿಜ್ಞರು ಹೇಳಿದ ನಾಲ್ಕು ಉಪಾಯಗಳಲ್ಲಿ ಅಧಿಕಾರಿಗಳಿಗೆ ಮೊದಲು ನೆನಪಾಗುವುದು ದಂಡ. ಸಮನಾದ ದಂಡವು ದೊಡ್ಡ ಹೋಟಲಿಗೆ ಒಂದು ಗಳಿಗೆಯ ವ್ಯಾಪಾರ, ದರ್ಜಿಗೆ ಒಂದು ವಾರದ ಅಕ್ಕಿ. ಬೇರ್ಪಡಿಸಿ ಕೊಟ್ಟವನಿಗೆ ಶುಲ್ಕದಲ್ಲಿ ರಿಯಾಯಿತಿ ತೋರಿ, ಅವನು ಬಾಗಿಲು ಹಾಕುವ ಹೊತ್ತಿಗೇ ಗಾಡಿಯನ್ನು ಕಳುಹಿಸಿದರೆ ದಂಡಕ್ಕಿಂತ ಹೆಚ್ಚು ಫಲ ಬಂದೀತು. ಭೇದವೆಂಬ ಉಪಾಯವೂ ಇಲ್ಲಿ ಸಲ್ಲುತ್ತದೆ, ಆದರೆ ಜನರೊಳಗೆ ಅಲ್ಲ, ಬುಟ್ಟಿಗಳೊಳಗೆ.

ಹಣದಾಸೆಗೆ ಮಾಡಿದ್ದು ಧರ್ಮವಾದೀತೆ ಎಂದು ಆಕ್ಷೇಪಿಸುವವರುಂಟು. ಯಾಗಕ್ಕಾಗಿ ಬತ್ತವನ್ನು ಕುಟ್ಟಬೇಕೆಂಬ ವಿಧಿಯಲ್ಲಿ ಹೊಟ್ಟು ಹೋಗುವುದೆಂಬ ಕಣ್ಣಿಗೆ ಕಾಣುವ ಫಲವಿದೆ. ಅಷ್ಟರಿಂದ ಅದರ ವಿಧಿತ್ವವು ಕೆಡಲಿಲ್ಲವೆಂದು ಮೀಮಾಂಸಕರು ಒಪ್ಪುತ್ತಾರೆ. ರಟ್ಟು ಮಾರಿ ನಾಲ್ಕು ಕಾಸು ಸಂಪಾದಿಸಿದ ವರ್ತಕನ ಕರ್ತವ್ಯವೂ ಹಾಗೆಯೇ ಕೆಡದು.

ಕಷ್ಟವಿರುವುದು ಬೆಲೆಯೇ ಇಲ್ಲದ ವಸ್ತುವಿನಲ್ಲಿ. ಅಲ್ಯೂಮಿನಿಯಮ್ಮನ್ನು ಮತ್ತೆ ಮತ್ತೆ ಕರಗಿಸಬಹುದು. ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಇಪ್ಪತ್ತರಲ್ಲೊಂದು ಪಾಲು ಸಾಕು. ಆದರೆ ಹಲವು ಪದರಗಳ ಪುಟ್ಟ ಪೊಟ್ಟಣವನ್ನು ಗುಜರಿಯವನೂ ಮುಟ್ಟುವುದಿಲ್ಲ. ಅಲ್ಲಿ ಲಾಭದ ಮಾತು ಮುಗಿಯುತ್ತದೆ. ಅದನ್ನು ಮಾಡಿದವನನ್ನು ಬಿಟ್ಟು, ಮಾರಿದ ಕಿರಾಣಿಯವನನ್ನು ಮಾತ್ರ ಹಿಡಿಯುವುದು ನ್ಯಾಯವಲ್ಲ. 2016ರ ಪ್ಲಾಸ್ಟಿಕ್ ನಿಯಮಗಳು ತಯಾರಕನ ಮೇಲೂ ಹೊಣೆಯನ್ನಿಟ್ಟದ್ದು ಉಚಿತವೇ. ಆದರೂ ಅಂಗಡಿಯಲ್ಲಿ ಒಡೆದ ಪೊಟ್ಟಣಗಳನ್ನು ಒಣಗಿದ ಬೇರೆ ಚೀಲದಲ್ಲಿ ಕಟ್ಟಿಟ್ಟು, ಬಂದ ಗಾಡಿಯವನ ಕೈಗೆ ಕೊಡುವಷ್ಟು ಕೆಲಸ ಕಿರಾಣಿಯವನ ಪಾಲಿಗೆ ಉಳಿಯುತ್ತದೆ. ಅದಕ್ಕೆ ಅವನಿಗೆ ಕಾಸು ಹುಟ್ಟುವುದಿಲ್ಲ.