ನಿರ್ಜನ ಮಾರ್ಗ

ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಎಣಿಸುವಾಗ, ವಿವಿಕ್ತದೇಶವನ್ನು ಆಶ್ರಯಿಸುವುದನ್ನೂ ಜನಸಮೂಹದಲ್ಲಿ ಆಸಕ್ತಿಯಿಲ್ಲದಿರುವುದನ್ನೂ ಆ ಗಣನೆಯಲ್ಲಿ ಸೇರಿಸಿರುವುದು ಎಲ್ಲರೂ ಬಲ್ಲ ಸಂಗತಿ. ಅಂಥ ಸ್ಥಳ ಯಾವುದೆಂಬುದಕ್ಕೆ ಅರಣ್ಯ, ನದಿಯ ಮರಳದಿಣ್ಣೆ, ದೇವಾಲಯ ಮೊದಲಾದುವನ್ನು ಶಂಕರಾಚಾರ್ಯರ ಭಾಷ್ಯವು ಉದಾಹರಿಸುತ್ತದೆ. ಡಾಮರು ಹಾಕಿದ ರಸ್ತೆಯನ್ನು ಈ ಸಾಲಿನಲ್ಲಿ ಸೇರಿಸಬೇಕೆ, ಬೇಡವೆ ಎಂಬ ಸಂಶಯ ಹಿಂದಿನವರಿಗೆ ಒದಗುವಂತಿರಲಿಲ್ಲ, ನಮಗೆ ಒದಗಿದೆ. ಮೋಟಾರು ವಾಹನಗಳ ಹಾವಳಿಯಿಲ್ಲದ ಹಾದಿಗಳನ್ನು ಅರಸುತ್ತ, ಮೈಸೂರಿನಿಂದಲೂ ಬೆಂಗಳೂರಿನಿಂದಲೂ ಚಾಮರಾಜನಗರ, ಗುಂಡ್ಲುಪೇಟೆಗಳ ಗುಡ್ಡಸೀಮೆಗೆ ಬೈಸಿಕಲ್ಲು ತುಳಿಯುತ್ತ ಬರುವವರು ಈಗ ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ನಾವು ಹುಡುಕುವುದು ವ್ಯಾಯಾಮವನ್ನಷ್ಟೇ ಎಂದರೆ ಅದು ಪೂರ್ಣ ಸತ್ಯವಾಗದು, ಏಕೆಂದರೆ ವ್ಯಾಯಾಮವು ಮನೆಯ ಹಜಾರದಲ್ಲಿಯೂ ಸಾಧ್ಯ. ಹೃದಯವು ಬಯಸುವುದು ಏಕಾಂತವನ್ನು. ಆದರೆ ವಾಹನವಿಲ್ಲದ ರಸ್ತೆಯಲ್ಲಿ ದೊರೆಯುವ ನಿಶ್ಶಬ್ದವು ಗೀತೆ ಹೇಳಿದ ಏಕಾಂತವೇ ಹೌದೆ?

ಈ ಸೀಮೆಯ ಭೂರಚನೆಯು ಇಂಥ ಬಯಕೆಗೆ ಮೇಲ್ನೋಟಕ್ಕೆ ಅತ್ಯಂತ ಅನುಕೂಲವಾಗಿಯೇ ಇದೆ. ಪಶ್ಚಿಮಘಟ್ಟ ಪೂರ್ವಘಟ್ಟಗಳೆರಡೂ ಸಮೀಪಿಸುವ ಈ ಎಡೆಯಲ್ಲಿ, ಒಂದು ಮಗ್ಗುಲಿಗೆ ಬಂಡೀಪುರದ ಅರಣ್ಯವೂ ಅದರ ಅಂಚಿನಲ್ಲಿ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ, ಇನ್ನೊಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲೂ ನಿಂತಿದ್ದು, ನಡುವಣ ನೆಲವು ಏರುತ್ತ ಇಳಿಯುತ್ತ ಹರಡಿಕೊಂಡಿದೆ. ಮೈಸೂರಿನಿಂದ ಬಂದ ಹೆದ್ದಾರಿಯು ಗುಂಡ್ಲುಪೇಟೆಯನ್ನು ದಾಟಿ, ಊಟಿಯ ಕಡೆಗೊಂದು ವಯನಾಡಿನ ಕಡೆಗೊಂದು ಎಂದು ಕವಲೊಡೆದು ಲಾರಿ ಬಸ್ಸುಗಳ ಸಂದಣಿಯನ್ನೆಲ್ಲ ತಾನೇ ಹೊತ್ತುಕೊಳ್ಳುವುದರಿಂದ, ಬೇಗೂರು, ಹಂಗಳ, ತೆರಕಣಾಂಬಿಗಳ ಸುತ್ತಲಿನ ಊರೂರ ನಡುವಣ ಕಿರುದಾರಿಗಳು ಬಹುಮಟ್ಟಿಗೆ ಶಾಂತವಾಗಿ ಉಳಿದಿವೆ. ಮುಂಗಾರಿನ ತಿಂಗಳುಗಳಲ್ಲಿ ಆ ದಾರಿಗಳ ಇಕ್ಕೆಲದಲ್ಲಿಯೂ ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳು ಅರಳುವುವು. ಏರಿನಲ್ಲಿ ತನ್ನ ಉಸಿರಿನ ಹೊರತು ಬೇರೆ ಸದ್ದು ಕಿವಿಗೆ ಬೀಳದಿರುವಾಗ, ಲೋಕವನ್ನೇ ಹಿಂದೆ ಬಿಟ್ಟು ಬಂದೆನೆಂದು ಸವಾರನು ಭಾವಿಸುವುದು ಸಹಜವೇ ಆಗಿದೆ.

ಆದರೆ ಈ ದಾರಿಗಳು ನಿರ್ಜನವೆಂಬ ಮಾತು ಪೇಟೆಯವನ ಮಾತು. ಹೂ ಬಿಡಿಸಲು ಹೊಲಕ್ಕೆ ಹೊರಟ ಹೆಂಗಸರು, ಕುರಿಮಂದೆಯನ್ನು ಅಟ್ಟಿಕೊಂಡು ಬರುವ ಹುಡುಗರು, ಬಸ್ಸಿಗಾಗಿ ಅರಳಿಕಟ್ಟೆಯಲ್ಲಿ ಕುಳಿತ ಮುದುಕರು, ಇವರೆಲ್ಲರೂ ಆ ದಾರಿಯ ಜನರೇ. ಸುಗ್ಗಿಯ ದಿನಗಳಲ್ಲಂತೂ ಹುರುಳಿಯನ್ನೋ ರಾಗಿಯ ತೆನೆಯನ್ನೋ ರಸ್ತೆಯ ಮೇಲೆಯೇ ಹರವಿ, ಹಾದುಹೋಗುವ ವಾಹನಗಳ ಗಾಲಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ನಮ್ಮ ಸೀಮೆಯಲ್ಲಿ ಉಂಟು. ಯಾವ ಲಾರಿಯ ಆಗಮನವು ಸವಾರನಿಗೆ ಧ್ಯಾನಭಂಗವೋ, ಅದೇ ಲಾರಿಯು ಹುಲ್ಲು ಜಾಡಿಸುತ್ತ ನಿಂತ ರೈತನಿಗೆ ಕೂಲಿ ಕೇಳದ ಆಳು. ವಾಹನವಿಲ್ಲದ ದಾರಿ ಒಬ್ಬನಿಗೆ ಸುಖವಾದರೆ, ದಿನಕ್ಕೆ ಒಂದೋ ಎರಡೋ ಬಸ್ಸು ಬರುವ ಹಳ್ಳಿಯಲ್ಲಿ ಗರ್ಭಿಣಿಯನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಬೇಕಾದವನಿಗೆ ಅದೇ ದುಃಖ. ಹೀಗಿರುವಲ್ಲಿ ಪರರ ಅಭಾವವನ್ನೇ ಏಕಾಂತವೆಂದು ಕರೆದರೆ, ಪರರ ಕಷ್ಟವೂ ನಮ್ಮ ಸಾಧನೆಯ ಸಾಮಗ್ರಿಯಾಗಿಬಿಡುವ ಅಪಾಯವಿದೆ.

ಅಪಾಯವು ಕಾಲ್ಪನಿಕವಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ತಲೆತಲಾಂತರದಿಂದ ಬಾಳುತ್ತ ಬಂದವರು. ಬೆಟ್ಟದ ದೇವರಾದ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ಕಥೆಯಿಂದ, ಅವನು ಅವರಿಗೆ ಭಾವನೂ ಹೌದು. 1974ರಲ್ಲಿ ಆ ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾದ ತರುವಾಯ ಅವರ ಬೇಟೆಯೂ ಬೆಂಕಿಯ ಬೇಸಾಯವೂ ನಿಂತು, ಪೋಡುಗಳೆಂದು ಕರೆಯುವ ಅವರ ಒಳಗಾಡಿನ ಹಲವು ಹಾಡಿಗಳು ಸ್ಥಳಾಂತರಗೊಂಡುವು. ಸಾಮುದಾಯಿಕವಾದ ಅವರ ಅರಣ್ಯಹಕ್ಕುಗಳಿಗೆ ಮನ್ನಣೆ ದೊರೆತದ್ದು 2011ರಲ್ಲಿ. ಅಲ್ಲಿಯ ಮೌನವನ್ನು ಆಸ್ವಾದಿಸುವ ಯಾತ್ರಿಕನು, ಆ ಮೌನದ ಒಂದಂಶವು ಮನುಷ್ಯರನ್ನು ಎಬ್ಬಿಸಿ ಕಳುಹಿದ್ದರಿಂದ ಉಂಟಾದುದೆಂದು ತಿಳಿಯದೆ ಹೋದರೆ, ಅವನು ಕಂಡದ್ದು ಅರಣ್ಯವಲ್ಲ, ತನ್ನ ಇಚ್ಛೆಯ ಪ್ರತಿಬಿಂಬ.

ಇದಕ್ಕೆ ವಿಪರೀತವಾದ ಇನ್ನೊಂದು ಬಗೆಯ ಮೌನವೂ ಇದೇ ಜಿಲ್ಲೆಯಲ್ಲಿ ಉಂಟು. ಬಂಡೀಪುರದ ಮೂಲಕ ಹಾಯುವ ಎರಡು ಹೆದ್ದಾರಿಗಳಲ್ಲಿಯೂ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರಕ್ಕೆ ನಿಷೇಧವಿದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಗಾಲಿಗೆ ಸಿಕ್ಕಿ ಸಾಯುತ್ತಿದ್ದ ಮೃಗಗಳಿಗಾಗಿ ಮನುಷ್ಯನು ತನ್ನ ಅವಸರವನ್ನು ಒಂಬತ್ತು ಗಂಟೆಗಳ ಕಾಲ ಕಟ್ಟಿಹಾಕಿಕೊಂಡ ಏರ್ಪಾಡು ಇದು. ಗಡಿಯಾಚೆಯ ವಯನಾಡಿನ ವರ್ತಕರೂ ಪ್ರಯಾಣಿಕರೂ ಇದರಿಂದ ತೊಂದರೆಗೊಳಗಾಗಿ ವಾದಿಸುತ್ತಲೇ ಇದ್ದಾರೆ. ಸಂಯಮವೆಂಬುದು ಬೆಲೆಯಿಲ್ಲದೆ ದೊರೆಯುವ ವಸ್ತುವಲ್ಲವೆಂಬುದಕ್ಕೆ ಆ ವಾದವೇ ಸಾಕ್ಷಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಕೂಡ ತಮ್ಮ ಖಾಸಗಿ ವಾಹನಗಳನ್ನು ತಪ್ಪಲಿನ ತನಿಖಾಠಾಣೆಯ ಬಳಿಯೇ ಬಿಟ್ಟು, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಎಲ್ಲರೊಡನೆ ಕುಳಿತು ಮೇಲೇರಬೇಕು. ಏಕಾಂತವನ್ನರಸಿ ಬಂದ ಬೈಸಿಕಲ್ಲಿನವನು, ಬೆಟ್ಟದ ಏಕಾಂತವು ಕೆಡದಿರಲೆಂದೇ, ಅಜ್ಜಿಯರೂ ಮಕ್ಕಳೂ ತುಂಬಿದ ಬಸ್ಸಿನ ಸಂದಣಿಯನ್ನು ಒಪ್ಪಿಕೊಳ್ಳುವ ಈ ಪ್ರಸಂಗವು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ.

ಎರಡು ಮೌನಗಳ ಅಂತರವು ಸ್ಪಷ್ಟವಾಗಿದೆ: ಒಂದು ಇತರರನ್ನು ತೊಲಗಿಸಿ ಪಡೆದದ್ದು, ಇನ್ನೊಂದು ತನ್ನನ್ನು ತಾನು ತಡೆದುಕೊಂಡು ಉಂಟುಮಾಡಿದ್ದು. ಎರಡನೆಯದರ ಪರಾಕಾಷ್ಠೆಯನ್ನು ಕಾಣಬೇಕಾದರೆ ಚಾಮರಾಜನಗರದ ಸೀಮೆಯಲ್ಲಿಯೇ ಇರುವ ಕನಕಗಿರಿಯನ್ನು ನೆನೆಯಬೇಕು. ಮಲೆಯೂರಿನ ಬಳಿಯ ಆ ಬೆಟ್ಟವು ಪಾರ್ಶ್ವನಾಥನ ಬಸದಿಯಿಂದಲೂ ಪೂಜ್ಯಪಾದಾಚಾರ್ಯರ ಸ್ಮರಣೆಯಿಂದಲೂ ಜೈನರಿಗೆ ಪುಣ್ಯಕ್ಷೇತ್ರ. ದಿಗಂಬರ ಮುನಿಗಳಿಗೆ ವಾಹನಾರೋಹಣ ನಿಷಿದ್ಧ. ಈರ್ಯಾಸಮಿತಿಯೆಂಬ ನಿಯಮದಂತೆ ಅವರು ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಯಾವ ಜೀವಿಯೂ ಕಾಲಡಿಗೆ ಸಿಕ್ಕದಂತೆ ಹೆಜ್ಜೆಯಿಡಬೇಕು. ಇಲ್ಲಿ ದಾರಿಯು ನಿರ್ಜಂತುಕವಾಗಿರಲಿ ಎಂಬ ಅಪೇಕ್ಷೆಗಿಂತ, ಜಂತುಗಳಿರುವ ದಾರಿಯಲ್ಲಿ ತಾನು ಬಾಧಕನಾಗದಿರಲಿ ಎಂಬ ಎಚ್ಚರವೇ ಮುಖ್ಯ. ಬೈಸಿಕಲ್ಲು ಆ ಎತ್ತರಕ್ಕೆ ಏರಲಾರದು. ಗಾಲಿಗೆ ಕಣ್ಣಿಲ್ಲ, ಇಳಿಜಾರಿನಲ್ಲಿ ವೇಗಕ್ಕೆ ವಿವೇಕವೂ ಸಾಲದು. ಆದರೂ ಹೊಗೆ ಕಾರದೆ, ಎದುರಿನವನನ್ನು ಅಂಚಿಗೆ ದೂಡದೆ, ಕುರಿಮಂದೆ ಬಂದಾಗ ಇಳಿದು ನಿಲ್ಲಲು ಅವಕಾಶ ಕೊಡುವ ವಾಹನವಾದ್ದರಿಂದ ಅದು ಪಾದಚಾರದ ನೆರೆಯಲ್ಲಿ ನಿಲ್ಲುತ್ತದೆ.

ಇಲ್ಲೊಂದು ಆಕ್ಷೇಪವನ್ನು ವಿಚಾರಿಸಬೇಕು. ತೀರ್ಥಯಾತ್ರೆಗೆ ವಾಹನದಲ್ಲಿ ಹೋದವನಿಗೆ ಫಲ ಕಡಮೆಯೆಂದು ಧರ್ಮಶಾಸ್ತ್ರದ ನಿಬಂಧಕಾರರು ಹೇಳಿದ್ದುಂಟು. ಹಾಗಾದರೆ ದೇಹಶ್ರಮವೇ ಪುಣ್ಯವಲ್ಲವೆ, ಸ್ವಂತ ಬಲದಿಂದ ಏರಿದವನು ಶ್ರೇಷ್ಠನಲ್ಲವೆ ಎಂದು ಕೇಳಬಹುದು. ಶ್ರಮವು ಅಹಂಕಾರವನ್ನು ಕರಗಿಸುವಷ್ಟೇ ಸುಲಭವಾಗಿ ಬೆಳೆಸಲೂ ಬಲ್ಲುದು. ಏರಿದ ಮೀಟರುಗಳನ್ನು ಕೈಗಡಿಯಾರವೇ ಲೆಕ್ಕವಿಟ್ಟು ತೋರಿಸುವ ಈ ಕಾಲದಲ್ಲಿ, ಬಸ್ಸಿನಲ್ಲಿ ಬಂದವನನ್ನು ಕಂಡು ಮನಸ್ಸಿನ ಮೂಲೆಯಲ್ಲಿ ಮೂಡುವ ತಾತ್ಸಾರವು ಸವಾರರಿಗೆ ಅಪರಿಚಿತವಲ್ಲ. ಬಿಳಿಗಿರಿರಂಗನಿಗೆ ಭಕ್ತರು ಚರ್ಮದ ದೊಡ್ಡ ಪಾದರಕ್ಷೆಗಳನ್ನು ಒಪ್ಪಿಸುತ್ತಾರೆ. ಸ್ವಾಮಿಯು ಅವನ್ನು ಮೆಟ್ಟಿ ಕಾಡಿನಲ್ಲೆಲ್ಲ ತಿರುಗಾಡುವುದರಿಂದ ಅವು ಸವೆಯುತ್ತವೆಂದು ನಂಬಿಕೆ. ತಿರುಗಾಟವು ದೇವರದೇ ಆಗಿರುವಲ್ಲಿ, ಬೆಟ್ಟವನ್ನು ನಾನು ಗೆದ್ದೆನೆಂಬ ಭಕ್ತನ ಹೆಮ್ಮೆಗೆ ಎಡೆಯೆಲ್ಲಿ?

ಆದುದರಿಂದ ಗೀತೆಯ ಆ ಗಣನೆಯ ಕ್ರಮವನ್ನೇ ಇನ್ನೊಮ್ಮೆ ನೋಡುವುದು ಒಳ್ಳೆಯದು. ಮಾನವನ್ನು ಬಯಸದಿರುವುದು, ಡಂಭವಿಲ್ಲದಿರುವುದು, ಅಹಿಂಸೆ, ಕ್ಷಮೆ, ಇವು ಮೊದಲಲ್ಲಿಯೇ ಬಂದಿವೆ. ವಿವಿಕ್ತದೇಶದ ಪ್ರಸ್ತಾಪ ಬರುವುದು ಕೊನೆಯ ಹೊತ್ತಿಗೆ. ಈ ಕ್ರಮವನ್ನು ನಾನು ಆಕಸ್ಮಿಕವೆಂದು ಎಣಿಸಲಾರೆ. ಮೊದಲಿನ ಗುಣಗಳನ್ನು ಅಭ್ಯಾಸ ಮಾಡದವನ ಪಾಲಿಗೆ ಬರಿದಾದ ರಸ್ತೆಯು ಇನ್ನೊಂದು ಆಸ್ತಿಯಷ್ಟೇ ಆಗುವುದು. ಅದರಲ್ಲಿ ಲಾರಿ ಬಂದರೆ ಕೋಪ, ಹುರುಳಿ ಹರವಿದ್ದರೆ ಅಸಹನೆ, ಮತ್ತೊಬ್ಬ ಸವಾರ ಕಂಡರೂ ಅಸೂಯೆ. ಅವನ್ನು ಅಭ್ಯಾಸ ಮಾಡಿದವನಾದರೋ, ತನಗೆ ದೊರೆತ ನಿಶ್ಶಬ್ದವು ಅನೇಕರ ತಾಳ್ಮೆಯಿಂದಲೂ ಕೆಲವರ ನಷ್ಟದಿಂದಲೂ ಬಂದ ಋಣವೆಂದು ಬಲ್ಲನು. ಒಕ್ಕಣೆಯ ತೆನೆಯ ಪಕ್ಕದಲ್ಲಿ ಇಳಿದು ನಡೆಯುವುದು, ಕತ್ತಲಾಗುವ ಮೊದಲೇ ಕಾಡಿನ ಅಂಚನ್ನು ಬಿಟ್ಟುಬರುವುದು, ಪೋಡಿನವರ ಅಂಗಳವನ್ನು ನೋಟದ ವಸ್ತುವನ್ನಾಗಿ ಮಾಡದಿರುವುದು, ಇವು ಆ ಋಣದ ಸಣ್ಣ ಕಂತುಗಳು. ಅವನ್ನು ಸಲ್ಲಿಸುತ್ತಿರುವವನಿಗೆ ತೆರಕಣಾಂಬಿಯ ಸಂತೆಯ ದಿನದ ರಸ್ತೆಯೂ ವಿವಿಕ್ತದೇಶವಾದೀತು. ಸಲ್ಲಿಸದವನಿಗೆ ಯಾವ ಬೆಟ್ಟದ ದಾರಿಯೂ ಸಾಕಷ್ಟು ನಿರ್ಜನವಾಗಲಾರದು.